ಕಣಜದಿಂದ ಕೋಣೆಗೆ: ಮನೆಬೆಕ್ಕಿನ ಒಂಟಿತನದ ಚರಿತ್ರೆ

ಮನೆಬೆಕ್ಕಿನ ಪೂರ್ವಜ ಆಫ್ರಿಕಾದ ಕಾಡುಬೆಕ್ಕು. ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾಗಳ ಕುರುಚಲು ಕಾಡುಗಳಲ್ಲಿ ಇಂದಿಗೂ ಬದುಕಿರುವ ಈ ಪ್ರಾಣಿಯದು ಮರಳಿನ ಬಣ್ಣ, ಉದ್ದ ಕಾಲು, ಒಬ್ಬಂಟಿ ಬೇಟೆ. ಹೆಣ್ಣು ತನ್ನ ಮರಿಗಳನ್ನು ತಾನೊಂದೇ ಸಾಕುತ್ತದೆ. ಬೆಳೆದ ಬೆಕ್ಕುಗಳು ತಮ್ಮ ತಮ್ಮ ಗಡಿಯನ್ನು ಮೂತ್ರದ ವಾಸನೆಯಿಂದ ಗುರುತು ಮಾಡಿಕೊಂಡು ಒಂದನ್ನೊಂದು ದೂರವಿಟ್ಟೇ ಬದುಕುತ್ತವೆ. ಲೋಕದ ಮನೆಬೆಕ್ಕುಗಳೆಲ್ಲ ಈ ಒಂದೇ ವಂಶದವು ಎಂಬುದನ್ನು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿಕೊಟ್ಟಿತು. ಇಂಥ ಏಕಾಂಗಿ ಪ್ರಾಣಿಯ ಸಂತತಿ ಇಂದು ಮುಚ್ಚಿದ ಬಾಗಿಲಿನ ಹಿಂದೆ ಕುಳಿತು ಮನೆಯವರಿಗಾಗಿ ಕೂಗುತ್ತದೆ, ಕಾಲಿಗೆ ಅಡ್ಡಬರುತ್ತದೆ, ಮೇಜಿನ ಮೇಲಿನ ಲೋಟವನ್ನು ಬೇಕೆಂದೇ ಬೀಳಿಸುತ್ತದೆ. ಈ ಬದಲಾವಣೆಗೆ ಸುಮಾರು ಹತ್ತು ಸಾವಿರ ವರ್ಷ ಹಿಡಿದಿದೆ. ಅದರ ಬಹುಪಾಲು ನಡೆದದ್ದು ಮಾತ್ರ ಕಡೆಯ ನೂರು ವರ್ಷಗಳಲ್ಲಿ.

ಬೆಕ್ಕು ಮನುಷ್ಯನ ಬಳಿಗೆ ಬಂದದ್ದು ಧಾನ್ಯದ ಬೆನ್ನು ಹಿಡಿದು. ಪಶ್ಚಿಮ ಏಷ್ಯಾದ ರೈತರು ಗೋಧಿ, ಬಾರ್ಲಿಗಳನ್ನು ಕೂಡಿಡತೊಡಗಿದಾಗ ಇಲಿಗಳು ಸೇರಿಕೊಂಡವು, ಇಲಿಗಳ ಹಿಂದೆ ಕಾಡುಬೆಕ್ಕು ಬಂತು. ನಾಯಿಯನ್ನು ಪಳಗಿಸಿದಂತೆ ಅದನ್ನು ಯಾರೂ ಪಳಗಿಸಲಿಲ್ಲ. ಮನುಷ್ಯರ ಸದ್ದುಗದ್ದಲಕ್ಕೆ ಹೆದರದ ಬೆಕ್ಕುಗಳು ಉಳಿದುಕೊಂಡವು, ಹೆದರುವವು ಕಾಡಿಗೆ ಮರಳಿದವು. ಸೈಪ್ರಸ್ ದ್ವೀಪದ ಶಿಲುರೊಕಾಂಬೋಸ್ ಎಂಬಲ್ಲಿ ಫ್ರೆಂಚ್ ಪುರಾತತ್ವಜ್ಞ ಝಾನ್-ಡೆನಿ ವೀನ್ ಮತ್ತು ಸಂಗಡಿಗರು ಪತ್ತೆಹಚ್ಚಿದ ಸಮಾಧಿಯೊಂದರ ವಿವರ 2004ರಲ್ಲಿ ಹೊರಬಂತು. ಸುಮಾರು 9,500 ವರ್ಷಗಳ ಹಿಂದೆ ಅಲ್ಲಿ ಮನುಷ್ಯನೊಬ್ಬನನ್ನು ಹೂಳಿ, ಮೊಳದಷ್ಟೂ ದೂರವಿಲ್ಲದ ಗುಳಿಯಲ್ಲಿ ಸುಮಾರು ಎಂಟು ತಿಂಗಳ ಬೆಕ್ಕೊಂದನ್ನೂ ಹೂಳಲಾಗಿತ್ತು. ಸೈಪ್ರಸ್ಸಿನಲ್ಲಿ ಹುಟ್ಟುಕಾಡುಬೆಕ್ಕುಗಳಿರಲಿಲ್ಲ. ಅದರ ವಂಶವನ್ನು ಯಾರೋ ದೋಣಿಯಲ್ಲಿ ಕಡಲು ದಾಟಿಸಿ ತಂದಿದ್ದರು.

ಕಣಜದ ಬದುಕು ಬೆಕ್ಕಿನ ಸ್ವಭಾವವನ್ನೂ ತುಸು ತಿದ್ದಿತು. ಆಹಾರ ಒಂದೇ ಕಡೆ ಹೇರಳವಾಗಿ ಸಿಕ್ಕರೆ ಬೆಕ್ಕುಗಳು ಒಟ್ಟಾಗಿ ಬಾಳಬಲ್ಲವು. 1970ರ ದಶಕದಲ್ಲಿ ಇಂಗ್ಲೆಂಡಿನ ಹೊಲಮನೆಯೊಂದರ ಬೆಕ್ಕುಗಳನ್ನು ಗಮನಿಸಿದ ಪ್ರಾಣಿಶಾಸ್ತ್ರಜ್ಞ ಡೇವಿಡ್ ಮ್ಯಾಕ್‌ಡೊನಾಲ್ಡ್, ತಾಯಿ, ಮಗಳು, ಅಕ್ಕತಂಗಿಯರಾದ ಹೆಣ್ಣುಬೆಕ್ಕುಗಳು ಒಬ್ಬರ ಮರಿಗೆ ಇನ್ನೊಬ್ಬರು ಹಾಲೂಡಿಸುವುದನ್ನು ದಾಖಲಿಸಿದರು. ಬೇಟೆಗೆ ಮಾತ್ರ ಪ್ರತಿಯೊಂದೂ ಒಂಟಿಯಾಗಿಯೇ ಹೊರಡುತ್ತದೆ. ಹೀಗಾಗಿ ಬೆಕ್ಕಿಗೆ ಯಾರೂ ಬೇಡ ಎನ್ನುವ ಹಳೆಯ ನಂಬಿಕೆ ಅರ್ಧಸತ್ಯ. ತನಗೆ ಬೇಕಾದವರನ್ನು ತಾನೇ ಆರಿಸಿಕೊಳ್ಳುವ, ಬೇಡವಾದಾಗ ಎದ್ದುಹೋಗುವ ಸ್ವಾತಂತ್ರ್ಯ ಇದ್ದ ಕಡೆ ಅದು ಸಂಗವನ್ನು ಬಯಸುತ್ತದೆ. ಮುಂದಿನ ಕಥೆಯಲ್ಲಿ ಬೆಕ್ಕು ಕಳೆದುಕೊಂಡದ್ದು ಇದೇ ಸ್ವಾತಂತ್ರ್ಯವನ್ನು.

ಈಜಿಪ್ಟಿನಲ್ಲಿ ಬೆಕ್ಕು ಕಣಜದಿಂದ ನಡುಮನೆಗೆ ಬಂತು. ಥೀಬ್ಸ್‌ನ ನಖ್ತ್ ಎಂಬ ಅಧಿಕಾರಿಯ ಗೋರಿಯ ಗೋಡೆಚಿತ್ರದಲ್ಲಿ ಯಜಮಾನರ ಪೀಠದಡಿ ಕುಳಿತ ಬೆಕ್ಕು ಮೀನು ತಿನ್ನುತ್ತಿದೆ. ದೊರೆ ಮೂರನೆಯ ಅಮೆನ್‌ಹೊಟೆಪ್‌ನ ಮಗ ಥುಟ್‌ಮೋಸ್ ತನ್ನ ಹೆಣ್ಣುಬೆಕ್ಕಿಗೆ ಸುಣ್ಣದ ಕಲ್ಲಿನ ಶವಪೆಟ್ಟಿಗೆ ಮಾಡಿಸಿದ. ಮನೆಯ ಬೆಕ್ಕು ಸತ್ತರೆ ಮನೆಮಂದಿ ಹುಬ್ಬು ಬೋಳಿಸಿಕೊಳ್ಳುತ್ತಾರೆಂದೂ, ಬೆಕ್ಕಿನ ಕಳೇಬರವನ್ನು ಬಾಸ್ಟೆಟ್ ದೇವತೆಯ ಊರಾದ ಬುಬಾಸ್ಟಿಸ್‌ಗೆ ಒಯ್ದು ಹೂಳುತ್ತಾರೆಂದೂ ಕ್ರಿ.ಪೂ. ಐದನೆಯ ಶತಮಾನದಲ್ಲಿ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದ. ಅದೇ ದೇಶ ಮುಂದೆ ಹರಕೆಗೆಂದೇ ಬೆಕ್ಕುಗಳನ್ನು ಸಾಕಿ ಕೊಂದು ಮಮ್ಮಿ ಮಾಡಿ ಮಾರುವ ಕಸುಬನ್ನೂ ಬೆಳೆಸಿತು. ಬೇನಿ ಹಸನ್‌ನಲ್ಲಿ ಅಗೆದು ತೆಗೆದ ಅಂಥ ಮಮ್ಮಿಗಳಲ್ಲಿ ಸುಮಾರು 19 ಟನ್ 1890ರಲ್ಲಿ ಲಿವರ್‌ಪೂಲ್ ಬಂದರಿಗೆ ಬಂದು ಹೊಲದ ಗೊಬ್ಬರಕ್ಕೆ ಹರಾಜಾಯಿತು. ಪೂಜೆಯೂ ಪ್ರೀತಿಯೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷಿ ಬೇಕಿಲ್ಲ.

ಭಾರತದ ಹಳೆಯ ಸಾಹಿತ್ಯ ಬೆಕ್ಕನ್ನು ಅನುಮಾನದಿಂದಲೇ ನೋಡಿತು. ಪಂಚತಂತ್ರದಲ್ಲಿ ಅದು ಕಪಟ ಸನ್ಯಾಸಿ. ಏಳನೆಯ ಶತಮಾನದ ಮಹಾಬಲಿಪುರದ ಬಂಡೆಯ ಮೇಲೆ ತಪಸ್ಸಿಗೆ ನಿಂತ ಬೆಕ್ಕು, ಅದರ ಸುತ್ತ ಕೈಮುಗಿದ ಇಲಿಗಳು ಕಾಣುತ್ತವೆ. ಇದಕ್ಕೆ ಎದುರಾಗಿ ಶ್ರೀವೈಷ್ಣವರು ಮಾರ್ಜಾಲ ಕಿಶೋರ ನ್ಯಾಯವನ್ನು ಮುಂದಿಟ್ಟರು. ತಾಯಿಬೆಕ್ಕು ಮರಿಯ ಕತ್ತಿನ ಹಿಂಬದಿಯನ್ನು ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೋಗುವಾಗ ಮರಿ ಏನೂ ಮಾಡದೆ ಜೋತುಬಿದ್ದಿರುತ್ತದೆ, ಭಕ್ತನೂ ಹಾಗೆಯೇ ಭಗವಂತನಿಗೆ ಒಪ್ಪಿಸಿಕೊಂಡಿರಬೇಕು ಎಂಬುದು ತೆಂಗಲೆ ಪಂಥದ ವಾದ. ಬೆಕ್ಕಿನ ಮನೆಯೊಳಗಿನ ನಡವಳಿಕೆಯನ್ನು ಹತ್ತಿರದಿಂದ ಕಂಡವರಷ್ಟೇ ಹುಡುಕಬಲ್ಲ ಹೋಲಿಕೆ ಇದು.

ಕನ್ನಡ ನಾಡಿನ ಮನೆಗಳಲ್ಲಿ ಬೆಕ್ಕಿನ ಜಾಗ ಗೊತ್ತಿದ್ದದ್ದೇ. ಹಗಲು ಒಲೆಕಟ್ಟೆಯ ಬಿಸಿಯಲ್ಲಿ ನಿದ್ದೆ, ರಾತ್ರಿ ಅಟ್ಟ, ಕಣಜ, ಕೊಟ್ಟಿಗೆಯಲ್ಲಿ ಕೆಲಸ, ಊಟದ ಹೊತ್ತಿಗೆ ಎಲೆಯ ಪಕ್ಕ ಹಾಜರು. ಹಾಲು, ಬೆಣ್ಣೆಯ ಗಡಿಗೆಗಳು ಜಂತಿಯಿಂದ ಇಳಿಬಿಟ್ಟ ನೆಲುವಿನಲ್ಲಿ ತೂಗಾಡುತ್ತಿದ್ದುದಕ್ಕೆ ಅದೂ ಒಂದು ಕಾರಣ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳದ ಮಕ್ಕಳಿಲ್ಲ. ಇಲಿ ಹಿಡಿಯಲೆಂದು ವಿಜಯನಗರದ ಅರಸ ಬೆಕ್ಕನ್ನೂ ಅದಕ್ಕೆ ಹಾಲಿಗೆಂದು ಹಸುವನ್ನೂ ಹಂಚಿದ ಆ ಕಥೆಯಲ್ಲಿ, ಬೆಕ್ಕು ಸಾಕುವುದೆಂದರೆ ಮನೆಯ ಖರ್ಚಿನ ಬಾಬತ್ತು ಎಂಬ ತಿಳಿವಳಿಕೆ ಇದೆ. ಪ್ಲೇಗು ಭಾರತವನ್ನು ನಡುಗಿಸುತ್ತಿದ್ದ ದಿನಗಳಲ್ಲಿ, 1908ರಲ್ಲಿ, ಇಂಡಿಯನ್ ಮೆಡಿಕಲ್ ಸರ್ವಿಸ್‌ನ ವೈದ್ಯ ಆಂಡ್ರೂ ಬುಕನನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದು, ಪ್ಲೇಗು ತಡೆಯಲು ಬೆಕ್ಕುಗಳನ್ನು ಸಾಕಬೇಕೆಂದು ವಾದಿಸಿದರು. ತುಂಬಿದ ಮನೆ, ಹಗಲೆಲ್ಲ ತೆರೆದ ಬಾಗಿಲು, ಹಿತ್ತಿಲು, ಹಂಚಿನ ಮಾಡು ಇದ್ದ ಕಾಲದಲ್ಲಿ ಬೆಕ್ಕಿನ ಬೇಸರ ಎಂಬ ಮಾತೇ ಹುಟ್ಟುವಂತಿರಲಿಲ್ಲ. ಹಸಿವು, ರೋಗ, ನಾಯಿಯ ಬಾಯಿ ಇವುಗಳಿಂದ ಆ ಬೆಕ್ಕುಗಳ ಆಯುಸ್ಸು ಕಿರಿದಾಗಿತ್ತು ಎಂಬುದನ್ನೂ ಮರೆಯಬಾರದು.

ಯುರೋಪಿನಲ್ಲಿಯೂ ಬೆಕ್ಕಿನ ಬೆಲೆ ಕೆಲಸದ ಮೇಲೆ ನಿಂತಿತ್ತು. ಹತ್ತನೆಯ ಶತಮಾನದ ದೊರೆ ಹೈವೆಲ್ ದ್ದನ ಹೆಸರಿನಲ್ಲಿ ಉಳಿದಿರುವ ವೇಲ್ಸ್ ದೇಶದ ಕಾನೂನಿನಂತೆ ಕಣ್ಣು ಬಿಡದ ಮರಿಗೆ ಒಂದು ಪೆನ್ನಿ, ಇಲಿ ಕೊಲ್ಲುವವರೆಗೆ ಎರಡು, ಕೊಂದ ಮೇಲೆ ನಾಲ್ಕು. ಇಂಗ್ಲೆಂಡಿನ ಎಕ್ಸೆಟರ್ ಕೆಥೆಡ್ರಲ್‌ನ ಲೆಕ್ಕಪುಸ್ತಕಗಳಲ್ಲಿ ಹದಿನಾಲ್ಕು, ಹದಿನೈದನೆಯ ಶತಮಾನಗಳಲ್ಲಿ ಬೆಕ್ಕಿಗೆಂದು ವಾರಕ್ಕೆ ಒಂದು ಪೆನ್ನಿ ಖರ್ಚು ಬಿದ್ದಿದೆ. ಅಲ್ಲಿನ ಬಾಗಿಲೊಂದರಲ್ಲಿ ಬೆಕ್ಕು ನುಸುಳುವ ಗುಂಡು ಕಿಂಡಿ ಈಗಲೂ ಇದೆ. ಬಾಗಿಲು ಮುಚ್ಚಿದರೂ ಬೆಕ್ಕಿನ ದಾರಿ ಮುಚ್ಚಬಾರದು ಎಂದು ಬಡಗಿಯೊಬ್ಬ ಮಾಡಿಟ್ಟ ಆ ಕಿಂಡಿ ಈ ಚರಿತ್ರೆಯಲ್ಲಿ ದೊಡ್ಡ ವಸ್ತು.

ಬೆಕ್ಕನ್ನು ಒಂಟಿತನಕ್ಕೆ ಜೊತೆಯೆಂದು ಮೊದಲು ಒಪ್ಪಿಕೊಂಡವರಲ್ಲಿ ಕ್ರೈಸ್ತ ವಿರಕ್ತೆಯರು ಸೇರುತ್ತಾರೆ. ಇಂಗ್ಲೆಂಡಿನಲ್ಲಿ ಕೆಲವು ಸ್ತ್ರೀಯರು ಇಗರ್ಜಿಗೆ ಅಂಟಿದ ಸಣ್ಣ ಕೋಣೆಯಲ್ಲಿ ಜೀವನಪರ್ಯಂತ ಮುಚ್ಚಿಕೊಂಡು ಪ್ರಾರ್ಥನೆಯಲ್ಲಿ ಕಾಲ ಕಳೆಯುತ್ತಿದ್ದರು. ಅವರಿಗಾಗಿ ಹದಿಮೂರನೆಯ ಶತಮಾನದಲ್ಲಿ ಬರೆದ ‘ಆಂಕ್ರೀನ್ ವಿಸ್ಸೆ’ ಎಂಬ ನಿಯಮಗ್ರಂಥ, ಸಾಕುಪ್ರಾಣಿ ಇಟ್ಟುಕೊಳ್ಳಬಾರದು, ಬೆಕ್ಕೊಂದು ಮಾತ್ರ ಇರಬಹುದು ಎಂದು ಅಪ್ಪಣೆ ಕೊಡುತ್ತದೆ. ಹಸು ಸಾಕಿದರೆ ಮೇವು, ದನಗಾಹಿ, ಜಗಳ ಎಲ್ಲ ಬೆನ್ನಿಗೆ ಬರುತ್ತವೆಂಬ ಎಚ್ಚರ ಅಲ್ಲಿದೆ. ಬೆಕ್ಕು ಏನನ್ನೂ ಬೇಡುವುದಿಲ್ಲವೆಂದು ಆ ಗ್ರಂಥಕರ್ತ ನಂಬಿದ್ದಿರಬೇಕು. ಕಿಟಕಿಯಿಂದ ಹೊರಗೆ ಹಾರಿ ತಿರುಗಾಡಿ ಬರುವ ಬೆಕ್ಕಿನ ಮಟ್ಟಿಗೆ ಆ ನಂಬಿಕೆ ಸರಿಯಾಗಿಯೇ ಇತ್ತು. ಬಂದಿಯಾಗಿದ್ದದ್ದು ಯಜಮಾನತಿ.

ಬೆಕ್ಕೇ ಬಂದಿಯಾದ ಹಳೆಯ ಉದಾಹರಣೆಗೆ ಜಪಾನಿನತ್ತ ತಿರುಗಬೇಕು. ಅಲ್ಲಿನ ಅರಮನೆಯವರಿಗೆ ಬೆಕ್ಕು ಪರದೇಶದ ಅಪೂರ್ವ ವಸ್ತು. ಕ್ರಿ.ಶ. 889ರಲ್ಲಿ ಚಕ್ರವರ್ತಿ ಉಡಾ ತನ್ನ ದಿನಚರಿಯಲ್ಲಿ ತಂದೆ ಕೊಟ್ಟ ಕಪ್ಪು ಬೆಕ್ಕಿನ ಮೈಮಾಟ, ನಡಿಗೆಗಳನ್ನು ವಿವರವಾಗಿ ಬಣ್ಣಿಸಿ, ತಾನದಕ್ಕೆ ದಿನವೂ ಹಾಲಿನ ಗಂಜಿ ಕೊಡುವುದಾಗಿ ಬರೆದ. 999ರಲ್ಲಿ ಚಕ್ರವರ್ತಿ ಇಚಿಜೊನ ಅರಮನೆಯಲ್ಲಿ ಬೆಕ್ಕು ಮರಿ ಹಾಕಿದಾಗ ಮನುಷ್ಯರ ಮಗುವಿಗೆ ಮಾಡುವಂತೆ ಜನನೋತ್ಸವ ನಡೆಯಿತು. ಆಸ್ಥಾನದ ಲೇಖಕಿ ಸೇಯ್ ಶೋನಾಗನ್ ತನ್ನ ‘ದಿಂಬಿನ ಪುಸ್ತಕ’ದಲ್ಲಿ ಹೇಳುವ ಅರಮನೆಯ ಬೆಕ್ಕಿಗೆ ಆಸ್ಥಾನದ ಪದವಿಯಿತ್ತು, ನೋಡಿಕೊಳ್ಳಲು ದಾದಿಯಿದ್ದಳು. ಇಂಥ ಬೆಲೆಬಾಳುವ ಬೆಕ್ಕು ಓಡಿಹೋಗದಂತೆ ಕೊರಳಿಗೆ ಪಟ್ಟಿ, ಪಟ್ಟಿಗೆ ಉದ್ದನೆಯ ಹಗ್ಗ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಮುರಸಾಕಿ ಶಿಕಿಬು ಬರೆದ ‘ಗೆಂಜಿಯ ಕಥೆ’ಯಲ್ಲಿ ಒಂದು ಸಣ್ಣ ಬೆಕ್ಕನ್ನು ದೊಡ್ಡ ಬೆಕ್ಕು ಅಟ್ಟಿಸಿಕೊಂಡು ಬರುತ್ತದೆ. ಸಣ್ಣದರ ಹಗ್ಗ ಬಿದಿರಿನ ಪರದೆಗೆ ಸಿಕ್ಕಿ ಪರದೆಯ ಅಂಚು ಮೇಲೇಳುತ್ತದೆ. ಒಳಗಿದ್ದ ರಾಜಕುಮಾರಿಯನ್ನು ಹೊರಗೆ ಚೆಂಡಾಡುತ್ತಿದ್ದ ಕಶಿವಾಗಿ ಎಂಬ ತರುಣ ಕಂಡುಬಿಡುತ್ತಾನೆ. ಅವಳನ್ನು ಪಡೆಯಲಾರದ ಅವನು ಉಪಾಯದಿಂದ ಆ ಬೆಕ್ಕನ್ನು ಸಂಪಾದಿಸಿ, ರಾತ್ರಿ ಮಗ್ಗುಲಲ್ಲಿ ಮಲಗಿಸಿಕೊಂಡು, ಬೆಳಗಾಗುತ್ತಲೇ ಎದ್ದು ಅದರ ಆರೈಕೆಗೆ ನಿಲ್ಲುತ್ತಾನೆ. ಯಾರಿಗೂ ಒಗ್ಗದಿದ್ದ ಬೆಕ್ಕು ಕ್ರಮೇಣ ಅವನಿಗೆ ಒಗ್ಗಿ, ಅವನ ಬಟ್ಟೆಗೆ ತೊಡರಿಕೊಂಡು ಮಲಗುವಷ್ಟು ಹಚ್ಚಿಕೊಳ್ಳುತ್ತದೆ. ಹೊರಗಿನ ಬದುಕಿಲ್ಲದ ಬೆಕ್ಕು ಒಬ್ಬನೇ ಮನುಷ್ಯನ ಮೇಲೆ ಹೇಗೆ ಪೂರ್ತಿ ಆತುಕೊಳ್ಳುತ್ತದೆ ಎಂಬುದನ್ನು ಸಾವಿರ ವರ್ಷಗಳ ಹಿಂದೆಯೇ ಒಬ್ಬ ಲೇಖಕಿ ಇಷ್ಟು ಸೂಕ್ಷ್ಮವಾಗಿ ಕಂಡಿದ್ದಳು. ಈ ಹಗ್ಗದ ಕಾಲ ಮುಗಿದದ್ದು ಇಲಿಗಳಿಂದ. 1602ರಲ್ಲಿ ಕ್ಯೋಟೊ ನಗರದಲ್ಲಿ ಬೆಕ್ಕುಗಳ ಹಗ್ಗ ಬಿಚ್ಚಬೇಕು, ಅವುಗಳನ್ನು ಮಾರಬಾರದು, ಕೊಳ್ಳಬಾರದು ಎಂಬ ಆಜ್ಞೆ ಹೊರಟಿತು.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಬೆಕ್ಕಿನ ಮೇಲಿನ ಅಕ್ಕರೆಯನ್ನು ಬಚ್ಚಿಡದವರು ಕಾಣಿಸಿಕೊಂಡರು. ನಿಘಂಟುಕಾರ ಸ್ಯಾಮ್ಯುಯಲ್ ಜಾನ್ಸನ್ ತನ್ನ ಹಾಜ್ ಎಂಬ ಬೆಕ್ಕಿಗೆ ಆಯ್ಸ್ಟರ್ ತರಲು ತಾನೇ ಅಂಗಡಿಗೆ ಹೋಗುತ್ತಿದ್ದ. ಆಳುಗಳನ್ನು ಕಳಿಸಿದರೆ ಅವರು ಬೆಕ್ಕಿನ ಮೇಲೆ ಮುನಿಸು ತೀರಿಸಿಕೊಂಡಾರು ಎಂಬ ಅಂಜಿಕೆ. ಕ್ರಿಸ್ಟೊಫರ್ ಸ್ಮಾರ್ಟ್ ಎಂಬ ಕವಿ 1759 ಮತ್ತು 1763ರ ನಡುವೆ ಹುಚ್ಚಾಸ್ಪತ್ರೆಯ ಬಂಧನದಲ್ಲಿದ್ದಾಗ ತನ್ನ ಜೊತೆಗಿದ್ದ ಜೆಫ್ರಿ ಎಂಬ ಬೆಕ್ಕಿನ ದಿನಚರಿಯನ್ನೇ ಸ್ತೋತ್ರವಾಗಿ ಬರೆದ. ಅದು ಅಚ್ಚಾದದ್ದು 1939ರಲ್ಲಿ. ಮುಂದಿನ ಶತಮಾನದಲ್ಲಿ ಕುದುರೆ ಮಾಂಸವನ್ನು ಕಡ್ಡಿಗೆ ಚುಚ್ಚಿ ಬೆಕ್ಕಿನ ಆಹಾರವೆಂದು ಮನೆ ಮನೆಗೆ ಮಾರುವವರು ಲಂಡನ್ ಬೀದಿಗಳಲ್ಲಿ ತಿರುಗುತ್ತಿದ್ದರು. ದಿನದ ಗೊತ್ತಾದ ವೇಳೆಗೆ ಅವರ ಕೂಗು ಕೇಳಿದೊಡನೆ ಬೆಕ್ಕುಗಳು ಬಾಗಿಲಿಗೆ ಓಡಿಬರುತ್ತಿದ್ದವು. 1868ರಲ್ಲಿ ಲಂಡನ್ನಿನ ಅಂಚೆ ಮನಿಯಾರ್ಡರ್ ಕಚೇರಿ ಮೂರು ಬೆಕ್ಕುಗಳನ್ನು ವಾರಕ್ಕೆ ಒಂದು ಷಿಲಿಂಗ್ ಭತ್ಯೆಯ ಮೇಲೆ ಇಲಿ ಹಿಡಿಯಲು ನೇಮಿಸಿಕೊಂಡಿತು. 1871ರ ಜುಲೈನಲ್ಲಿ ಹ್ಯಾರಿಸನ್ ವೇರ್ ಎಂಬ ಚಿತ್ರಕಾರ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಬೆಕ್ಕುಗಳ ಪ್ರದರ್ಶನ ಏರ್ಪಡಿಸಿದ. ಕೆಲಸಕ್ಕಾಗಿ ಅಲ್ಲದೆ ಚೆಲುವಿಗಾಗಿ, ತಳಿಗಾಗಿ ಬೆಕ್ಕು ಸಾಕುವ ರೂಢಿಗೆ ಅಲ್ಲಿಂದ ಮಾನ್ಯತೆ ಸಿಕ್ಕಿತು. ಅದೇ ಕಾಲದಲ್ಲಿ ಬೇಸಿಗೆ ರಜೆಗೆ ಊರು ಬಿಡುವ ಸ್ಥಿತಿವಂತರು ಬೆಕ್ಕುಗಳನ್ನು ಬೀದಿಗೆ ಬಿಟ್ಟು ಬೀಗ ಹಾಕಿ ಹೋಗುವುದೂ ಸಾಮಾನ್ಯವಾಗಿತ್ತು. 1896ರಲ್ಲಿ ಕ್ಯಾಮ್‌ಡನ್ ಟೌನ್‌ನಲ್ಲಿ ಹಸಿದ, ಕಳೆದುಹೋದ ಬೆಕ್ಕುಗಳಿಗೆಂದೇ ಒಂದು ಆಶ್ರಯ ತೆರೆಯಬೇಕಾಯಿತು.

ಇಷ್ಟಾದರೂ ಇಪ್ಪತ್ತನೆಯ ಶತಮಾನದ ನಡುವಿನ ತನಕ ನಗರದ ಬೆಕ್ಕು ಕೂಡ ರಾತ್ರಿ ಹೊರಗೇ ಇರುತ್ತಿತ್ತು. ಒಳಗೆ ಇಡಬೇಕಾಗಿ ಬಂದರೆ ಬೂದಿಯ ಇಲ್ಲವೆ ಮರಳಿನ ತಟ್ಟೆ, ಅದರ ನಾತ. 1947ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಸೊಪೊಲಿಸ್ ಎಂಬ ಊರಿನಲ್ಲಿ ಮರಳಿನ ರಾಶಿ ಹಿಮಗಟ್ಟಿತ್ತು. ಬೂದಿ ಹಾಕಿದರೆ ಬೆಕ್ಕು ಮನೆಯೆಲ್ಲ ಕಪ್ಪು ಹೆಜ್ಜೆ ಮೂಡಿಸುತ್ತಿತ್ತು. ನೆರೆಯ ಹೆಂಗಸೊಬ್ಬಳು ಮರಳು ಕೇಳಲು ಬಂದಾಗ, ಕಲ್ಲಿದ್ದಲು, ಐಸು, ಮರದ ಹೊಟ್ಟು ಮಾರುವ ಮನೆತನದ ಎಡ್ವರ್ಡ್ ಲೋ ಎಂಬ ತರುಣ ಅವಳಿಗೆ ಬೇರೊಂದನ್ನು ಕೊಟ್ಟ. ಕಾರ್ಖಾನೆಗಳ ನೆಲದ ಮೇಲೆ ಚೆಲ್ಲಿದ ಎಣ್ಣೆ ಹೀರಲು ಬಳಸುವ ಒಣ ಜೇಡಿಮಣ್ಣಿನ ಹರಳುಗಳು ಅವು, ನಮ್ಮಲ್ಲಿ ಮುಲ್ತಾನಿ ಮಿಟ್ಟಿ ಎನ್ನುವ ಜಾತಿಯ ಮಣ್ಣು. ಅವಳು ಮತ್ತೆ ಅದನ್ನೇ ಕೇಳಿ ಬಂದಳು. ಲೋ ಅದನ್ನು ಐದೈದು ಪೌಂಡಿನ ಚೀಲಗಳಲ್ಲಿ ತುಂಬಿ, ಮೇಲೆ ಕೈಯಿಂದಲೇ ‘ಕಿಟ್ಟಿ ಲಿಟರ್’ ಎಂದು ಬರೆದು, 65 ಸೆಂಟ್ ಬೆಲೆಯಿಟ್ಟ. ಮರಳು ಇಷ್ಟು ಅಗ್ಗವಾಗಿರುವಾಗ ಇದನ್ನು ಯಾರು ಕೊಳ್ಳುತ್ತಾರೆಂದು ಅಂಗಡಿಯವನು ಸಂದೇಹಪಟ್ಟಾಗ, ಮೊದಲು ಪುಕ್ಕಟೆ ಕೊಡಿ ಎಂದ. ಬೆಕ್ಕನ್ನು ವರ್ಷವಿಡೀ ಒಳಗೆ ಇಟ್ಟುಕೊಳ್ಳುವುದಕ್ಕೆ ಇದ್ದ ದೊಡ್ಡ ಅಡ್ಡಿ ಈ ಚೀಲದಿಂದ ನಿವಾರಣೆಯಾಯಿತು.

ಉಳಿದ ಅಡ್ಡಿಗಳು ಒಂದೊಂದಾಗಿ ಸರಿದವು. ಸಂತಾನಹರಣ ಶಸ್ತ್ರಚಿಕಿತ್ಸೆ ಸುಲಭವಾದ ಮೇಲೆ ಬೆದೆಯ ಕೂಗು, ಗಂಡುಬೆಕ್ಕಿನ ಮೂತ್ರದ ವಾಸನೆ ತಗ್ಗಿದವು. ಡಬ್ಬಿಯ ಆಹಾರ, ಒಣ ಆಹಾರ ಬಂದು ಬೇಟೆಯ ಅಗತ್ಯ ಹೋಯಿತು. ಆದರೆ ಬೆಕ್ಕಿನ ದೇಹ ಮಾಂಸಕ್ಕೇ ಕಟ್ಟುಬಿದ್ದದ್ದು. ಬಹಳ ಕಾಲ ಡಬ್ಬಿಯೂಟವನ್ನೇ ತಿಂದ ಎಷ್ಟೋ ಬೆಕ್ಕುಗಳು ಹೃದಯ ಹಿಗ್ಗಿ ಸತ್ತವು. ಆಹಾರದಲ್ಲಿ ಟಾರಿನ್ ಎಂಬ ಅಂಶದ ಕೊರತೆಯೇ ಕಾರಣವೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಯಾನ್ ಮತ್ತು ಜೊತೆಯವರು 1987ರಲ್ಲಿ ತೋರಿಸಿದ ಮೇಲೆ ತಯಾರಕರು ಟಾರಿನ್ ಬೆರೆಸಿದರು. ರಸ್ತೆಯಲ್ಲಿ ಕಾರುಗಳು ಹೆಚ್ಚಿದವು, ಬೆಕ್ಕು ಹಕ್ಕಿಗಳನ್ನು ಕೊಲ್ಲುತ್ತದೆಂಬ ಆಕ್ಷೇಪವೂ ಬಲವಾಯಿತು. ಅಮೆರಿಕದ ಪಶುವೈದ್ಯರು ಬೆಕ್ಕನ್ನು ಒಳಗೇ ಇಡಿರೆಂದು ಹೇಳತೊಡಗಿದರು. ಬ್ರಿಟನ್ನಿನಲ್ಲಿ ಬೆಕ್ಕಿನ ಕಿಂಡಿಯ ಬಾಗಿಲು ಇಂದಿಗೂ ಸಾಮಾನ್ಯ. ಬೆಂಗಳೂರಿನ ಬಹುಮಹಡಿ ವಸತಿಗಳಲ್ಲಿ ಬೆಕ್ಕು ಸಾಕುವವರು ಬಾಲ್ಕನಿಗೆ ಬಲೆ ಕಟ್ಟಿಸುತ್ತಾರೆ. ಎಂಟನೆಯ ಮಹಡಿಯಿಂದ ಪಾರಿವಾಳದ ಹಿಂದೆ ಹಾರಿದ ಬೆಕ್ಕಿಗೆ ಪ್ರಾಣಾಪಾಯವಿರುವುದರಿಂದ ಅದು ಸರಿಯಾದ ಎಚ್ಚರಿಕೆ. ಹಾದಿ, ಹಿತ್ತಿಲು, ಇಲಿ, ನೆರೆಯ ಬೆಕ್ಕು ಎಲ್ಲವೂ ಒಟ್ಟಿಗೇ ಇಲ್ಲವಾದ ಮನೆಯಲ್ಲಿ ಗಂಡಹೆಂಡಿರಿಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋದರೆ ರಾತ್ರಿ ಬರುವುದು. ಬೆಕ್ಕಿನ ಆಯುಸ್ಸು ಬೆಳೆಯಿತು, ದಿನ ಬರಿದಾಯಿತು.

ಬರಿದಾದ ದಿನವನ್ನು ಬೆಕ್ಕು ಕೂಗಿನಿಂದ ತುಂಬಿಕೊಳ್ಳುತ್ತದೆ. ಬೆಳೆದ ಬೆಕ್ಕುಗಳು ಪರಸ್ಪರ ಮಿಯಾಂವ್ ಎನ್ನುವುದು ಅಪರೂಪ. ಅದು ಮರಿ ತಾಯನ್ನು ಕರೆಯುವ ದನಿ, ಮನೆಬೆಕ್ಕು ಅದನ್ನು ಮನುಷ್ಯರಿಗಾಗಿ ಉಳಿಸಿಕೊಂಡಿದೆ. 2009ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮೆಕೋಂಬ್ ಮತ್ತಿತರರು, ಊಟ ಕೇಳುವ ಬೆಕ್ಕಿನ ಗುರುಗುಟ್ಟುವಿಕೆಯಲ್ಲಿ ಕೂಸಿನ ಅಳುವನ್ನು ಹೋಲುವ ಎತ್ತರದ ಸ್ವರವೊಂದು ಅಡಗಿರುವುದನ್ನು ಪತ್ತೆಹಚ್ಚಿದರು. ಬೆಕ್ಕು ಸಾಕದವರಿಗೂ ಆ ಸದ್ದು ಅವಸರದ್ದೆಂದು ಕೇಳಿಸಿತು. ಯಾವ ಸದ್ದು, ಯಾವ ಚೇಷ್ಟೆ ಫಲ ಕೊಡುತ್ತದೆಂದು ಬೆಕ್ಕು ಕಲಿಯುವ ಬಗೆಯನ್ನು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1898ರಷ್ಟು ಹಿಂದೆಯೇ ಅಳೆದಿದ್ದ. ಹಸಿದ ಬೆಕ್ಕನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಹೊರಗೆ ಆಹಾರ ತೋರಿಸಿದರೆ ಅದು ಮೊದಮೊದಲು ಪರಚಿ, ಕಚ್ಚಿ, ಒದ್ದಾಡುತ್ತಿತ್ತು. ಅಕಸ್ಮಾತ್ತಾಗಿ ಅಗುಳಿಯ ದಾರ ಎಳೆದು ಬಾಗಿಲು ತೆರೆದುಕೊಂಡರೆ, ಮುಂದಿನ ಸರದಿಗಳಲ್ಲಿ ಉಳಿದ ಒದ್ದಾಟ ಕಡಿಮೆಯಾಗಿ ದಾರ ಎಳೆಯುವುದೊಂದೇ ಉಳಿಯುತ್ತಿತ್ತು. ನಸುಕಿನ ನಾಲ್ಕು ಗಂಟೆಗೆ ಮಲಗುವ ಕೋಣೆಯ ಬಾಗಿಲು ಪರಚುವ ಬೆಕ್ಕು ಕಲಿತದ್ದೂ ಇದೇ ಪಾಠ. ಬೈಯಲಿಕ್ಕೆ ಎದ್ದು ಬಂದರೂ ಸರಿ, ಮನುಷ್ಯ ಎದ್ದು ಬಂದನಲ್ಲ.

ಈ ಹಂಬಲ ಬರೀ ಊಟದ್ದೇ, ಅಥವಾ ಮನುಷ್ಯನ ಸಂಗದ್ದೂ ಹೌದೇ ಎಂಬ ಪ್ರಶ್ನೆಗೆ ವಿಜ್ಞಾನ ತಡವಾಗಿ ಕೈಹಾಕಿತು. ಮರಿಗಳನ್ನು ಎರಡರಿಂದ ಏಳನೆಯ ವಾರದೊಳಗೆ ಮನುಷ್ಯರು ಎತ್ತಿ ಆಡಿಸಿದರೆ ಅವು ಜೀವನವಿಡೀ ಮನುಷ್ಯರತ್ತ ಒಲಿಯುತ್ತವೆಂಬುದನ್ನು ಅಮೆರಿಕದ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಷ್ 1980ರ ದಶಕದಲ್ಲಿ ಸ್ಥಾಪಿಸಿದರು. 2002ರಲ್ಲಿ ಸ್ಟೆಫನಿ ಶ್ವಾರ್ಟ್ಸ್ ಎಂಬ ಪಶುವೈದ್ಯೆ, ಒಡೆಯರಿಲ್ಲದಾಗ ತಳಮಳಗೊಳ್ಳುವ 136 ಬೆಕ್ಕುಗಳ ವಿವರ ಪ್ರಕಟಿಸಿದರು. ತಪ್ಪು ಜಾಗದಲ್ಲಿ ಮೂತ್ರ ಮಾಡಿದ ಬೆಕ್ಕುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಅದನ್ನು ಮಾಡಿದ್ದು ಒಡೆಯರ ಹಾಸಿಗೆಯ ಮೇಲೆ. ಸೇಡೆಂದು ಜನ ತಿಳಿದಿದ್ದ ಈ ಕೆಲಸ, ಒಡೆಯರ ವಾಸನೆ ದಟ್ಟವಾಗಿರುವಲ್ಲಿ ತನ್ನದನ್ನೂ ಬೆರೆಸುವ ಕಳವಳದ ವರ್ತನೆಯಾಗಿ ಕಾಣತೊಡಗಿತು. 2015ರಲ್ಲಿ ಲಿಂಕನ್ ವಿಶ್ವವಿದ್ಯಾಲಯದ ಆಲಿಸ್ ಪಾಟರ್ ಮತ್ತು ಡೇನಿಯಲ್ ಮಿಲ್ಸ್ 20 ಬೆಕ್ಕುಗಳನ್ನು ಪರೀಕ್ಷಿಸಿ, ಕೂಸು ತಾಯಿಯನ್ನು ನೆಚ್ಚುವಂಥ ನಂಟು ಬೆಕ್ಕಿಗಿಲ್ಲವೆಂದರು. 2019ರಲ್ಲಿ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ವಿಟೇಲ್ ತಂಡ 70 ಮರಿಗಳನ್ನು ನೋಡಿ, ಅವುಗಳಲ್ಲಿ ಸುಮಾರು ಶೇ. 64ರಷ್ಟಕ್ಕೆ ಅಂಥ ನೆಚ್ಚುಗೆ ಇದೆಯೆಂದಿತು. ಬ್ರೆಜಿಲ್‌ನಲ್ಲಿ 2020ರಲ್ಲಿ ಪ್ರಕಟವಾದ ಸಮೀಕ್ಷೆಯ 223 ಬೆಕ್ಕುಗಳಲ್ಲಿ ಸುಮಾರು ಶೇ. 13ರಷ್ಟು ಒಂಟಿಯಾಗಿ ಬಿಟ್ಟಾಗ ತೊಂದರೆ ತೋರುತ್ತಿದ್ದವು. ಆಟಿಕೆಗಳಿಲ್ಲದ, ಬೇರೆ ಪ್ರಾಣಿಯಿಲ್ಲದ ಮನೆಗಳಲ್ಲಿ ಅಂಥವು ಹೆಚ್ಚಾಗಿ ಕಂಡವು. ಲಿಂಕನ್ನಿನ ಬೆಕ್ಕುಗಳು ಬೆಳೆದವು, ಆರೆಗಾನಿನವು ಬಹುಪಾಲು ಮರಿಗಳು, ಪರೀಕ್ಷೆಯ ಕ್ರಮವೂ ಬೇರೆ. ಎರಡನ್ನೂ ಒಟ್ಟಿಗೆ ಓದಿದರೆ, ಬೆಕ್ಕು ಬೆಕ್ಕಿಗೂ ಈ ನಂಟು ಬೇರೆಯೆಂದು ಒಪ್ಪಿಕೊಳ್ಳುವುದೇ ನ್ಯಾಯ.

ಬಂದಿಯಾದ ಬೆಕ್ಕಿನ ನೆಮ್ಮದಿಯ ಪ್ರಶ್ನೆಯನ್ನು ನೇರವಾಗಿ ಎತ್ತಿದ್ದು ಒಂದು ಕಾಯಿಲೆ. ಸೋಂಕಿಲ್ಲದೆ, ಕಲ್ಲಿಲ್ಲದೆ ಮೂತ್ರಕೋಶ ಉರಿಯೇಳುವ ಬೆಕ್ಕುಗಳನ್ನು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್‌ಟನ್ ವರ್ಷಗಳ ಕಾಲ ಅಭ್ಯಸಿಸಿದರು. ಅವರ ತಂಡ 46 ಬೆಕ್ಕುಗಳ ಮನೆಯ ಏರ್ಪಾಡನ್ನೇ ಬದಲಿಸಿ 2006ರಲ್ಲಿ ಫಲ ಪ್ರಕಟಿಸಿತು. ಹತ್ತಿ ಕೂರುವ ಎತ್ತರ, ಅಡಗುವ ಜಾಗ, ಆಟ, ಒಡೆಯರ ಜೊತೆ ಹೊತ್ತು ಸಿಕ್ಕ ಬೆಕ್ಕುಗಳಲ್ಲಿ ಕಾಯಿಲೆಯ ಲಕ್ಷಣಗಳೂ ಭಯವೂ ಇಳಿದವು. 2011ರ ಇನ್ನೊಂದು ಅಧ್ಯಯನ ಮತ್ತೂ ಕಣ್ತೆರೆಸುವಂಥದು. ಒಂದೂವರೆ ವರ್ಷ ಗಮನಿಸಿದ ಬೆಕ್ಕುಗಳಲ್ಲಿ, ಊಟದ ವೇಳೆ ಏರುಪೇರಾದಾಗ, ನೋಡಿಕೊಳ್ಳುವವರು ಬದಲಾದಾಗ, ಪೂರ್ಣ ಆರೋಗ್ಯವಂತ ಬೆಕ್ಕುಗಳೂ ವಾಂತಿ ಮಾಡಿಕೊಂಡವು, ಊಟ ಬಿಟ್ಟವು, ತಟ್ಟೆಯ ಹೊರಗೆ ಮೂತ್ರ ಮಾಡಿದವು. 2013ರಲ್ಲಿ ಅಮೆರಿಕದ ಬೆಕ್ಕುವೈದ್ಯರ ಸಂಘ ಮತ್ತು ಅಂತರರಾಷ್ಟ್ರೀಯ ಬೆಕ್ಕುವೈದ್ಯ ಸಂಸ್ಥೆ ಸೇರಿ ಹೊರತಂದ ಮಾರ್ಗಸೂಚಿ ಈ ತಿಳಿವಳಿಕೆಗೆ ಅಧಿಕೃತ ರೂಪ ಕೊಟ್ಟಿತು.

ಈ ತಿಳಿವಳಿಕೆ ಮನೆಯಲ್ಲಿ ಆಚರಣೆಗೆ ಬರುವಾಗ ಮೊದಲ ಜಾಗ ಬೇಟೆಯದು. ಕಾಡುಬೆಕ್ಕು ದಿನಕ್ಕೆ ಹತ್ತಾರು ಸಲ ಹೊಂಚು ಹಾಕಿ, ಅರ್ಧಕ್ಕರ್ಧ ಸೋತು, ಸಣ್ಣ ಸಣ್ಣ ಇಲಿಗಳಿಂದ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಬಟ್ಟಲು ತುಂಬ ಎರಡು ಹೊತ್ತು ಸುರಿದ ಊಟ ಹೊಟ್ಟೆಗೆ ಸಾಕು, ಉಳಿದದ್ದಕ್ಕೆ ಸಾಲದು. ಕೋಲಿನ ತುದಿಗೆ ದಾರ, ದಾರಕ್ಕೆ ಗರಿ ಕಟ್ಟಿದ ಆಟಿಕೆಯನ್ನು ಬೆಕ್ಕಿನ ಮುಖದತ್ತ ಬೀಸಿದರೆ ಅದು ಹಿಂದೆ ಸರಿಯುತ್ತದೆ. ಅದೇ ಗರಿ ಅದರಿಂದ ದೂರ ಹರಿದು, ಚಾಪೆಯಡಿ ಅರ್ಧ ಮರೆಯಾಗಿ, ನಿಂತು, ಮತ್ತೆ ಅಲ್ಲಾಡಿದರೆ ಕಣ್ಣ ಪಾಪೆ ಅಗಲವಾಗಿ, ಎದೆ ನೆಲಕ್ಕಂಟಿ, ಹಿಂಗಾಲು ಮೆಲ್ಲನೆ ತುಳಿದಾಡಿ, ಬೆಕ್ಕು ನೆಗೆಯುತ್ತದೆ. ಕೊನೆಯಲ್ಲಿ ಹಿಡಿಯಲು ಬಿಟ್ಟು, ಕೂಡಲೇ ತುತ್ತು ಊಟ ಕೊಟ್ಟರೆ ಬೇಟೆಯ ಸುತ್ತು ಪೂರ್ತಿಯಾಗುತ್ತದೆ. ತಿಂದ ಬೆಕ್ಕು ಮೈ ನೆಕ್ಕಿಕೊಂಡು ಮಲಗುತ್ತದೆ. ಬೆಕ್ಕಿಗೆ ವ್ಯಾಯಾಮ ಕೊಡಲು ಲೇಸರ್ ಬೆಳಕು ಬಳಸುವ ಕ್ರಮಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟೇ ಸಿಕ್ಕಿತ್ತು. ಆ ಬೆಳಕಿನ ಚುಕ್ಕೆ ಎಂದೂ ಕೈಗೆ ಸಿಗುವುದಿಲ್ಲ, ಹಾಗಾಗಿ ಅದರೊಂದಿಗೆ ಆಟ ಮುಗಿಸುವಾಗ ಹಿಡಿಯಬಲ್ಲ ವಸ್ತುವೊಂದನ್ನು ಕೊಡುವುದು ಒಳ್ಳೆಯದು. ಎಕ್ಸೆಟರ್ ವಿಶ್ವವಿದ್ಯಾಲಯದ 2021ರ ಅಧ್ಯಯನದಲ್ಲಿ, ದಿನಕ್ಕೆ ಐದರಿಂದ ಹತ್ತು ನಿಮಿಷ ಹೀಗೆ ಆಡಿಸಿದ ಬೆಕ್ಕುಗಳು ಮನೆಗೆ ತರುವ ಬೇಟೆ ಕಾಲುಭಾಗ ಇಳಿಯಿತು. ಇಷ್ಟು ಚಿಕ್ಕ ಹೊತ್ತು ಇಷ್ಟು ಮಾಡುತ್ತದೆ ಎಂಬುದು ದುಡಿಯುವ ಮನೆಗಳಿಗೆ ದೊಡ್ಡ ಆಸರೆ. ಕಾಳು ಹುಡುಕಿ ತೆಗೆಯುವ ಒಗಟು ಬಟ್ಟಲುಗಳು ಕೆಲವು ಬೆಕ್ಕುಗಳಿಗೆ ಹಿಡಿಸುತ್ತವೆ, ಹಲವು ಬೆಕ್ಕುಗಳು ಸುಲಭದ ಬಟ್ಟಲನ್ನೇ ಆರಿಸುತ್ತವೆ. ಬಲವಂತ ಸಲ್ಲದು.

ಎರಡನೆಯದು ಜಾಗ. ನೆದರ್ಲೆಂಡ್ಸ್‌ನ ಪ್ರಾಣಿ ಆಶ್ರಯವೊಂದರಲ್ಲಿ ಹೊಸದಾಗಿ ಬಂದ ಬೆಕ್ಕುಗಳಿಗೆ ಅಡಗಲು ಪೆಟ್ಟಿಗೆ ಕೊಟ್ಟಾಗ ಅವು ಕೊಡದವುಗಳಿಗಿಂತ ಬೇಗ ಸಮಾಧಾನಕ್ಕೆ ಬಂದದ್ದನ್ನು ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ವರದಿ ಮಾಡಿದರು. ಕಪಾಟಿನ ಮೇಲಿನ ತೆರವು, ಕಿಟಕಿಯ ಕಟ್ಟೆ, ರಟ್ಟಿನ ಡಬ್ಬಿ, ಉಗುರು ಮಸೆಯಲು ಗೋಣಿ ಸುತ್ತಿದ ಕಂಬ ಇವೆಲ್ಲ ಅಗ್ಗದವು, ಫಲ ದೊಡ್ಡದು.

ಗಮನ ಸೆಳೆಯುವ ಚೇಷ್ಟೆಗೆ ಶಿಕ್ಷೆ ಮದ್ದಲ್ಲ. ಹೊಡೆದರೆ, ನೀರು ಚಿಮುಕಿಸಿದರೆ ಬೆಕ್ಕು ಮನುಷ್ಯನಿಗೆ ಹೆದರುವುದನ್ನು ಕಲಿಯುತ್ತದೆ, ಬೇಸರ ಹಾಗೇ ಉಳಿಯುತ್ತದೆ. ಕೂಗಿದಾಗ ಒಮ್ಮೆ ಓಗೊಟ್ಟು ಒಮ್ಮೆ ಸುಮ್ಮನಿದ್ದರೆ ಚಾಳಿ ಇನ್ನಷ್ಟು ಗಟ್ಟಿಯಾಗುತ್ತದೆ. ಆಟ, ಊಟ, ಮುದ್ದಿಗೆ ದಿನದ ಗೊತ್ತಾದ ವೇಳೆ ಇಟ್ಟು, ಬೆಕ್ಕು ಸುಮ್ಮನೆ ಕುಳಿತಿರುವಾಗ ಮಾತನಾಡಿಸಿ, ನಸುಕಿನ ಕೂಗಿಗೆ ಎಂದೂ ಏಳದಿರುವುದು ದಾರಿ. ಆರಂಭದಲ್ಲಿ ಕೂಗು ಜಾಸ್ತಿಯಾಗಿ, ಆಮೇಲೆ ಇಳಿಯುತ್ತದೆ. ರಾತ್ರಿ ಮಲಗುವ ಮುಂಚೆ ಆಡಿಸಿ ಉಣಿಸಿದರೆ ಇಳಿಯುವುದು ಸುಲಭ. ಮುದ್ದಿನಲ್ಲಿಯೂ ಆಯ್ಕೆ ಬೆಕ್ಕಿನದಾಗಬೇಕು. ಕೆನ್ನೆ, ಗದ್ದ, ಕಿವಿಯ ಬುಡ ಅದಕ್ಕೆ ಹಿತ, ಹೊಟ್ಟೆ ಮುಟ್ಟುವುದು ಬಹುತೇಕ ಬೆಕ್ಕುಗಳಿಗೆ ಅಹಿತ. ಮೆಲ್ಲನೆ ಕಣ್ಣು ಕಿರಿದಾಗಿಸಿ ನೋಡಿದರೆ ಬೆಕ್ಕೂ ಹಾಗೆಯೇ ಉತ್ತರಿಸುತ್ತದೆ, ಹತ್ತಿರ ಬರಲು ಮನಸ್ಸು ಮಾಡುತ್ತದೆ ಎಂಬುದನ್ನು ಸಸೆಕ್ಸ್‌ನವರೇ 2020ರಲ್ಲಿ ತೋರಿಸಿದ್ದಾರೆ. ಇದ್ದಕ್ಕಿದ್ದಂತೆ ಹೆಚ್ಚಾದ ಕೂಗಿಗೆ, ಅದರಲ್ಲೂ ವಯಸ್ಸಾದ ಬೆಕ್ಕಿನ ರಾತ್ರಿಯ ಕೂಗಿಗೆ, ಒಂಟಿತನವೇ ಕಾರಣವೆಂದು ಎಣಿಸಬಾರದು. 1979ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಗುರುತಿಸಿದ ಥೈರಾಯ್ಡ್ ಅತಿಸ್ರಾವ, ರಕ್ತದೊತ್ತಡ, ಕೀಲುನೋವು, ಮರೆವು ಇವೂ ಹಾಗೆಯೇ ಕೂಗಿಸುತ್ತವೆ. ಮೊದಲ ಭೇಟಿ ಪಶುವೈದ್ಯರದಾಗಬೇಕು.

ಇನ್ನೊಂದು ಬೆಕ್ಕು ತಂದರೆ ಒಂಟಿತನ ಹೋಗುತ್ತದೆಂಬ ಎಣಿಕೆ ಅನೇಕ ಮನೆಗಳಲ್ಲಿ ಕೈಕೊಟ್ಟಿದೆ. ಒಂದೇ ಸೂಲಿನ ಎರಡು ಮರಿಗಳನ್ನು ಒಟ್ಟಿಗೇ ತಂದರೆ ಅವು ಬಹುಮಟ್ಟಿಗೆ ಜೊತೆಯಾಗಿಯೇ ಬಾಳುತ್ತವೆ. ವರ್ಷಗಟ್ಟಲೆ ಒಂಟಿಯಾಗಿದ್ದ ಬೆಕ್ಕಿಗೆ ಹೊಸಬ ಗಡಿ ದಾಟಿ ಬಂದ ಅಪರಿಚಿತನಾಗಿಯೇ ಕಾಣುವ ಸಂಭವ ಹೆಚ್ಚು. ಅಂಥಲ್ಲಿ ಹೊಸ ಬೆಕ್ಕನ್ನು ಬೇರೆ ಕೋಣೆಯಲ್ಲಿಟ್ಟು, ಮೊದಲು ಬಟ್ಟೆಯ ಮೂಲಕ ಒಂದರ ವಾಸನೆ ಇನ್ನೊಂದಕ್ಕೆ ಪರಿಚಯಿಸಿ, ಮುಚ್ಚಿದ ಬಾಗಿಲಿನ ಎರಡು ಬದಿ ಊಟವಿಟ್ಟು, ಆಮೇಲೆ ಜಾಲರಿಯ ಆಚೀಚೆ ನೋಡಲು ಬಿಟ್ಟು, ವಾರಗಳ ಮೇಲೆ ಒಟ್ಟಿಗೆ ಬಿಡುವುದು ರೂಢಿಗೆ ಬಂದಿರುವ ಕ್ರಮ. ಊಟದ ಬಟ್ಟಲು, ನೀರು, ಮಲಗುವ ಜಾಗ ಬೇರೆ ಬೇರೆ ಕಡೆ ಇರಬೇಕು, ಲಿಟರ್ ತಟ್ಟೆಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಬೇಕು. ಒಂದರ ಮೈ ಇನ್ನೊಂದು ನೆಕ್ಕಿದರೆ, ತಾಗಿಕೊಂಡು ಮಲಗಿದರೆ ಸ್ನೇಹ ಕೂಡಿತೆಂದು ತಿಳಿಯಬಹುದು. ಒಂದು ಬೆಕ್ಕು ಹಾದಿಗೆ ಅಡ್ಡ ಕುಳಿತು ಇನ್ನೊಂದನ್ನು ತಟ್ಟೆಯ ಬಳಿ ಸುಳಿಯಗೊಡದಿದ್ದರೆ, ಸದ್ದಿಲ್ಲದಿದ್ದರೂ ಅದು ಜಗಳವೇ. ತಿಂಗಳುಗಳು ಕಳೆದರೂ ಅದು ತಿಳಿಯಾಗದಿದ್ದರೆ ಎರಡನ್ನೂ ಮನೆಯ ಬೇರೆ ಬೇರೆ ಭಾಗಗಳಲ್ಲಿಡುವುದು, ಅದಕ್ಕೆ ಜಾಗವಿಲ್ಲದಿದ್ದರೆ ಹೊಸ ಬೆಕ್ಕಿಗೆ ಬೇರೆ ಒಳ್ಳೆಯ ಮನೆ ಹುಡುಕುವುದು ಎರಡಕ್ಕೂ ಹಿತ.